ಹಳೆ ಪ್ರೂಫ್ ನಾಣ್ಯ ಕೊಳ್ಳುವಾಗ ಹೊಳಪು ನೋಡಬೇಕೋ, ಗೆರೆ ನೋಡಬೇಕೋ?

ಗದಗದ_ಹೊಸಬ · ಬುಧವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾಣ್ಯ ಕೂಡಿಸಲು ಶುರು ಮಾಡಿ ಒಂದೂವರೆ ವರ್ಷವಾಯಿತು. ಇಷ್ಟು ದಿನ ಚಲಾವಣೆಯ ನಾಣ್ಯ ಮಾತ್ರ. ಈಗ ಧಾರವಾಡದಲ್ಲಿ ಪರಿಚಯದ ಅಜ್ಜಿಯೊಬ್ಬರ ಮನೆಯಲ್ಲಿ ಮೂರು ನಾಣ್ಯ ಮಾರಾಟಕ್ಕಿವೆ. ಮೂರೂ ಪ್ರೂಫ್ ಅಂತ ಅವರ ಮಗ ಹೇಳುತ್ತಾರೆ. ಒಂದು 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ. ಇನ್ನೊಂದು 1972ರ ಸ್ವಾತಂತ್ರ್ಯದ ಬೆಳ್ಳಿಹಬ್ಬದ ಹತ್ತು ರೂಪಾಯಿ. ಮೂರನೆಯದು 1862ರ ವಿಕ್ಟೋರಿಯಾ ರಾಣಿ ರೂಪಾಯಿ.

ಫೋಟೋ ಹಾಕಿದ್ದೇನೆ, ನೋಡಿ. ಗಾಂಧಿ, ರಾಣಿ ಎರಡೂ ಫಳಫಳ ಅನ್ನುತ್ತಿವೆ. 1972ರದ್ದು ಮಾತ್ರ ಕಪ್ಪಗಾಗಿದೆ, ಅಂಚಿನಲ್ಲಿ ಒಂಥರಾ ಹಳದಿ-ನೀಲಿ. ಹೊಳೆಯುವ ಎರಡನ್ನು ತಗೊಂಡು ಕರಿದನ್ನು ಬಿಡೋಣ ಅಂದುಕೊಂಡಿದ್ದೇನೆ. ಭಾನುವಾರ ಹೋಗಿ ಕೈಯಲ್ಲಿ ಹಿಡಿದು ನೋಡಬಹುದು ಅಂದಿದ್ದಾರೆ. ಏನೇನು ನೋಡಬೇಕು?

ಹಾವೇರಿ_ರೊಕ್ಕ · ಬುಧವಾರ ರಾತ್ರಿ

ತೂಕ ನೋಡ್ರಿ, ಬೆಳ್ಳಿ ರೇಟ್ ನೋಡ್ರಿ, ಮುಗೀತು. ಉಳಿದದ್ದೆಲ್ಲ ಶ್ರೀಮಂತರ ಚಟ.

ಆದರೆ ಒಂದು ತಮಾಷೆ ಗೊತ್ತಿರಲಿ. 1969ರದ್ದು 15 ಗ್ರಾಂ, ಶೇ 80 ಬೆಳ್ಳಿ. ಅಂದರೆ 12 ಗ್ರಾಂ ಬೆಳ್ಳಿ. 1972ರದ್ದು ದೊಡ್ಡದು, 22.5 ಗ್ರಾಂ, ಆದರೆ ಬೆಳ್ಳಿ ಶೇ 50 ಮಾತ್ರ. 11 ಗ್ರಾಂ ಚಿಲ್ಲರೆ. ದೊಡ್ಡ ನಾಣ್ಯದಲ್ಲಿ ಬೆಳ್ಳಿ ಕಡಿಮೆ. ಸರಕಾರದ ಲೆಕ್ಕ!

ಸರಾಫಗಟ್ಟಿ_ಕಾಕಾ · ಗುರುವಾರ ಬೆಳಿಗ್ಗೆ

ರೊಕ್ಕಪ್ಪ, ನಿನ್ನ ಲೆಕ್ಕ ಸರಿ ಇದೆ. ಆದರೆ ಬೆಳ್ಳಿ ಬೇಕಿದ್ದರೆ ಕಾಲುಂಗುರ ತಗೋಬಹುದಲ್ಲ, ನಾಣ್ಯ ಯಾಕೆ?

ಹೊಸಬ, ಮೊದಲು ಒಂದು ಮಾತು. ಪ್ರೂಫ್ ಅಂದರೆ ಚಲೋ ಸ್ಥಿತಿಯಲ್ಲಿರುವ ನಾಣ್ಯ ಅಂತಲ್ಲ. ಅದು ತಯಾರಿಸುವ ರೀತಿ. ಟಂಕಸಾಲೆಯಲ್ಲಿ ಅಚ್ಚನ್ನು ಕನ್ನಡಿಯಂತೆ ಉಜ್ಜುತ್ತಾರೆ, ಬಿಲ್ಲೆಯನ್ನೂ ಉಜ್ಜುತ್ತಾರೆ. ಒಂದಕ್ಕಿಂತ ಹೆಚ್ಚು ಸಲ ಜೋರಾಗಿ ಒತ್ತುತ್ತಾರೆ. ಒಂದೊಂದನ್ನೇ ಜೋಪಾನವಾಗಿ ತೆಗೆದು ಇಡುತ್ತಾರೆ. ಅಂಥ ನಾಣ್ಯ ಹತ್ತು ವರ್ಷ ಯಾರದೋ ಜೇಬಿನಲ್ಲಿ ಓಡಾಡಿದರೂ ಪ್ರೂಫೇ, ಹಾಳಾದ ಪ್ರೂಫ್ ಅಷ್ಟೆ. ಮಾಮೂಲಿ ನಾಣ್ಯವನ್ನು ಎಷ್ಟು ತಿಕ್ಕಿದರೂ ಪ್ರೂಫ್ ಆಗುವುದಿಲ್ಲ.

ತಾಪತ್ರಯ ಏನೆಂದರೆ, ಮೈ ನುಣುಪಾದಷ್ಟೂ ಗೆರೆ ಎದ್ದು ಕಾಣುತ್ತದೆ. ಹೊಸ ಸ್ಟೀಲ್ ತಟ್ಟೆಯನ್ನು ಮೊದಲ ದಿನವೇ ತೆಂಗಿನ ನಾರು ಹಾಕಿ ತಿಕ್ಕಿದರೆ ಏನಾಗುತ್ತದೆ? ಅದೇ. ಈ ಸಣ್ಣ ಗೆರೆಗಳಿಗೆ ನಾವು ಹೇರ್‌ಲೈನ್ ಅನ್ನುತ್ತೇವೆ. ಕೂದಲೆಳೆಗಿಂತ ಸಣ್ಣ. ಒರೆಸಿದ್ದರಿಂದಲೇ ಬರುತ್ತವೆ. ಹತ್ತಿ ಬಟ್ಟೆಯಿಂದ ಒರೆಸಿದರೂ ಬರುತ್ತವೆ, ಯಾಕೆಂದರೆ ಗೀರುವುದು ಬಟ್ಟೆಯಲ್ಲ, ಬಟ್ಟೆಗೂ ನಾಣ್ಯಕ್ಕೂ ನಡುವೆ ಇರುವ ಧೂಳು.

ನನ್ನದೇ ಕಥೆ ಕೇಳಿ. 1970ರ 'ಎಲ್ಲರಿಗೂ ಅನ್ನ' ಮಾಲೆಯ ಹತ್ತು ರೂಪಾಯಿ ಪ್ರೂಫ್ ಒಂದು ನನ್ನ ಹತ್ತಿರ ಇದೆ. ಬಂದಾಗ ನೀರು ನಿಂತ ಕೆರೆಯ ಹಾಗಿತ್ತು. ಫೀಲ್ಡ್ ಮೇಲೆ, ಅಂದರೆ ಚಿತ್ರ-ಅಕ್ಷರ ಇಲ್ಲದ ಖಾಲಿ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಒಂದು ಮಂಕು ಚುಕ್ಕೆ. ನೋಡಲಾಗಲಿಲ್ಲ. ಧೋತರದ ತುದಿಯಿಂದ ಎರಡು ಸಲ ಸವರಿದೆ. ಹತ್ತು ಸೆಕೆಂಡಿನ ಕೆಲಸ. ಚುಕ್ಕೆ ಹೋಗಲಿಲ್ಲ. ಅದರ ಸುತ್ತ ಚಂದ್ರನ ಕೊಡೆಯ ಹಾಗೆ ಗೆರೆ ಬಂದವು. ಮೂವತ್ತು ವರ್ಷವಾಯಿತು, ಹಾಗೇ ಇವೆ. ಮಾರಿಲ್ಲ. ಹೊಸಬರು ಮನೆಗೆ ಬಂದರೆ ಮೊದಲು ಅದನ್ನೇ ತೋರಿಸುತ್ತೇನೆ.

ಬೆಳಕಿನ ಬಗ್ಗೆ ಮಧ್ಯಾಹ್ನ ಬರೆಯುತ್ತೇನೆ. ಈಗ ಅಂಗಡಿ ತೆರೆಯಬೇಕು.

ಬೆಟಗೇರಿ_ಮಗ್ಗ · ಗುರುವಾರ ಬೆಳಿಗ್ಗೆ

ಕಾಕಾ ಅವರು ಬೆಳಕು ಅಂದದ್ದಕ್ಕೆ ನೆನಪಾಯಿತು. ನಮ್ಮ ಮನೆಯಲ್ಲಿ ಸೀರೆ ಮಡಿಸುವ ಮುಂಚೆ ಅಪ್ಪ ಅದನ್ನು ಟ್ಯೂಬ್‌ಲೈಟ್ ಕೆಳಗೆ ನೋಡುವುದೇ ಇಲ್ಲ. ಕಿಟಕಿ ಹತ್ತಿರ ಒಯ್ದು ಓರೆಯಾಗಿ ಹಿಡಿಯುತ್ತಾರೆ. ಎಳೆ ತಪ್ಪಿದ್ದು ಆಗ ತಾನಾಗಿಯೇ ಕಾಣುತ್ತದೆ. ನಾಣ್ಯಕ್ಕೂ ಹಾಗೇ ಇರಬೇಕು ಅಲ್ವಾ?

ಸರಾಫಗಟ್ಟಿ_ಕಾಕಾ · ಗುರುವಾರ ಮಧ್ಯಾಹ್ನ

ಮಗ್ಗದವರೇ, ಅರ್ಧ ಪಾಠ ನೀವೇ ಹೇಳಿಬಿಟ್ಟಿರಿ.

ಟ್ಯೂಬ್‌ಲೈಟ್ ಬೆಳಕು ನಾಲ್ಕೂ ಕಡೆಯಿಂದ ಬಿದ್ದು ಗೆರೆಯನ್ನು ನುಂಗುತ್ತದೆ. ಪ್ರೂಫ್ ನೋಡಲು ಒಂದೇ ಬಿಂದುವಿನಿಂದ ಬರುವ ಬೆಳಕು ಬೇಕು. ಹಳೆ 60 ವ್ಯಾಟ್ ಬಲ್ಬು, ಹ್ಯಾಲೊಜೆನ್ ಟೇಬಲ್ ಲ್ಯಾಂಪ್, ಏನೂ ಇಲ್ಲದಿದ್ದರೆ ಮೊಬೈಲ್ ಟಾರ್ಚ್ ಆದರೂ ನಡೆಯುತ್ತದೆ. ಬಾಕಿ ದೀಪ ಆರಿಸಿ. ಕೆಳಗೆ ಮೆತ್ತನೆ ಟವೆಲ್ ಹಾಸಿ, ಕೈಜಾರಿದರೆ ಇರಲಿ ಅಂತ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಓರೆ ಮಾಡಿ ನಿಧಾನ ತಿರುಗಿಸಿ. ಗಡಿಯಾರದ ಮುಳ್ಳಿನ ಹಾಗೆ ಪೂರ್ತಿ ಒಂದು ಸುತ್ತು. ಹೇರ್‌ಲೈನ್‌ಗಳಿಗೆ ಒಂದು ಗುಣ ಇದೆ. ಒಂದು ಕೋನದಲ್ಲಿ ಮಿಂಚಿ, ತುಸು ತಿರುಗಿಸಿದರೆ ಮಾಯ. ಅದಕ್ಕೇ ಮಾರುವವರ ಒಂದು ಫೋಟೋ ನಂಬಬಾರದು. ಯಾವ ಕೋನದಲ್ಲಿ ಕಾಣುವುದಿಲ್ಲವೋ ಆ ಕೋನದಲ್ಲೇ ತೆಗೆದಿರುತ್ತಾರೆ.

ಮೊದಲು ಬರಿಗಣ್ಣು, ಆಮೇಲೆ ಭೂತಗನ್ನಡಿ. 5 ಪಟ್ಟು ಸಾಕು, 10 ಪಟ್ಟಿಗಿಂತ ಜಾಸ್ತಿ ಬೇಡ. ಅದಕ್ಕಿಂತ ದೊಡ್ಡದಾಗಿ ನೋಡಿದರೆ ಎಲ್ಲ ನಾಣ್ಯವೂ ಕೆಟ್ಟದಾಗಿಯೇ ಕಾಣುತ್ತದೆ.

ಈಗ ಕಷ್ಟದ ಭಾಗ. ಎಲ್ಲ ಗೆರೆಯೂ ದೋಷ ಅಲ್ಲ. ಅಚ್ಚನ್ನು ಉಜ್ಜುವಾಗ ಅಚ್ಚಿನ ಮೇಲೆ ಸಣ್ಣ ಗೆರೆ ಬೀಳುತ್ತವೆ. ಅಚ್ಚಿನಲ್ಲಿ ತಗ್ಗಾದದ್ದು ನಾಣ್ಯದಲ್ಲಿ ಉಬ್ಬಾಗುತ್ತದೆ. ಹಾಗಾಗಿ ಇವು ನಾಣ್ಯ ಹುಟ್ಟಿದಾಗಲೇ ಬಂದ ಉಬ್ಬುಗೆರೆ. ಇವಕ್ಕೆ ಬೆಲೆ ಇಳಿಸಬೇಕಿಲ್ಲ. ಆಮೇಲೆ ಯಾರೋ ಒರೆಸಿ ಮಾಡಿದ ಗೆರೆ ತಗ್ಗುಗೆರೆ. ಎರಡೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಇಲ್ಲೇ ಜನ ಮೋಸ ಹೋಗುವುದು, ಎರಡೂ ಕಡೆಗೆ. ಚಲೋ ನಾಣ್ಯವನ್ನು ಒರೆಸಿದ್ದು ಅಂತ ಬಿಟ್ಟವರಿದ್ದಾರೆ. ಒರೆಸಿದ್ದನ್ನು 'ಅಚ್ಚಿನ ಗೆರೆ ರೀ ಇವು' ಅಂದಾಗ ನಂಬಿ ಕೊಂಡವರೂ ಇದ್ದಾರೆ.

ಬೇರೆ ಮಾಡುವುದು ಹೀಗೆ. ಗೆರೆಯನ್ನು ಹಿಂಬಾಲಿಸಿ ಅಕ್ಷರದ ಬುಡದವರೆಗೆ ಹೋಗಿ. ಅಚ್ಚಿನಲ್ಲಿ ಅಕ್ಷರ, ಮುಖ ಎಲ್ಲ ತಗ್ಗಿನಲ್ಲಿ ಇರುತ್ತವೆ. ಉಜ್ಜುವ ವಸ್ತು ಅಲ್ಲಿಗೆ ಇಳಿಯುವುದಿಲ್ಲ. ಹೀಗಾಗಿ ಅಚ್ಚಿನ ಗೆರೆ ಅಕ್ಷರದ ಬುಡಕ್ಕೆ ಸರಿಯಾಗಿ ತಾಗಿ ನಿಲ್ಲುತ್ತದೆ, ಅಕ್ಷರ ಹತ್ತುವುದಿಲ್ಲ. ಕೆಲವು ಸಲ ಅಕ್ಷರದ ಆಚೆ ಮಗ್ಗುಲಿಂದ ಅದೇ ನೇರದಲ್ಲಿ ಮತ್ತೆ ಶುರುವಾಗುತ್ತದೆ. ಒರೆಸಿದ ಗೆರೆ ಉಲ್ಟಾ. ಬಟ್ಟೆ ಅಕ್ಷರದ ನೆತ್ತಿ ಸವರುತ್ತದೆ, ಬುಡದ ಮೂಲೆಗೆ ಮುಟ್ಟುವುದಿಲ್ಲ. ಅಂದರೆ ನೆತ್ತಿಯ ಮೇಲೆ ಗೆರೆ, ಫೀಲ್ಡಿನಲ್ಲಿ ಗೆರೆ, ನಡುವೆ ಬುಡದಲ್ಲಿ ಸಣ್ಣ ಶುದ್ಧ ಪಟ್ಟಿ. ಮನೆ ಕಸ ಹೊಡೆದಾಗ ಗೋಡೆಯ ಬುಡದಲ್ಲಿ ಧೂಳು ಉಳಿಯುತ್ತದಲ್ಲ, ಹಾಗೆ.

ಗಾಂಧಿ ನಾಣ್ಯದಲ್ಲಿ ಕೆನ್ನೆ ನೋಡಿ, ತಲೆ ನೋಡಿ. ಅಲ್ಲಿ ಒಂದೇ ದಿಕ್ಕಿಗೆ ಗೆರೆ ಓಡಿದ್ದರೆ ಕಥೆ ಮುಗೀತು.

ನವನಗರ_ನೈಟ್‌ಶಿಫ್ಟ್ · ಗುರುವಾರ ರಾತ್ರಿ

ನಾಣ್ಯ ಇಡುವ ಪ್ಲಾಸ್ಟಿಕ್ ಕ್ಯಾಪ್ಸೂಲಿನಲ್ಲಿ ಇದ್ದರೆ? ಕಳೆದ ತಿಂಗಳು ನಾನೊಂದು ನೋಡಿದೆ. ಗೆರೆಯೋ ಗೆರೆ. ಬೇಡ ಅಂದೆ. ಆಮೇಲೆ ಗೆಳೆಯ ತಗೊಂಡ. ತೆಗೆದು ನೋಡಿದರೆ ಗೆರೆ ಎಲ್ಲಾ ಪ್ಲಾಸ್ಟಿಕ್ ಮೇಲೆ! ಈಗಲೂ ಆಡಿಕೊಳ್ಳುತ್ತಾನೆ.

ಸರಾಫಗಟ್ಟಿ_ಕಾಕಾ · ಗುರುವಾರ ರಾತ್ರಿ

ಭೂತಗನ್ನಡಿಯನ್ನು ಮೇಲೆ ಕೆಳಗೆ ಸರಿಸಬೇಕಿತ್ತು. ಪ್ಲಾಸ್ಟಿಕ್ಕಿನ ಗೆರೆ ಸ್ಪಷ್ಟವಾದಾಗ ನಾಣ್ಯದ ಅಕ್ಷರ ಮಸುಕಾಗುತ್ತದೆ. ನಾಣ್ಯದ ಗೆರೆಯಾದರೆ ಅಕ್ಷರವೂ ಗೆರೆಯೂ ಒಟ್ಟಿಗೇ ಸ್ಪಷ್ಟ. ಓರೆ ಮಾಡಿದಾಗ ಪ್ಲಾಸ್ಟಿಕ್ ಗೆರೆ ಚಿತ್ರದ ಮೇಲೆ ಜಾರಿದ ಹಾಗೆ ಕಾಣುವುದೂ ಉಂಟು.

ಸಪ್ತಾಪುರ_ಸುಮಾ · ಗುರುವಾರ ರಾತ್ರಿ

ಕಪ್ಪು ನಾಣ್ಯದ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಹೀಗಾಗಿ ನಾನು ಬಂದೆ. ನಾನು ಪಾಠ ಮಾಡುವುದೇ ರಸಾಯನಶಾಸ್ತ್ರ.

ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಮೈಮೇಲೆ ಬೆಳ್ಳಿ ಸಲ್ಫೈಡಿನ ತೆಳು ಪದರ ಕೂಡುತ್ತದೆ. ತೀರಾ ತೆಳುವಿದ್ದಾಗ ಹಳದಿ, ತುಸು ದಪ್ಪಗಾದರೆ ಕೆನ್ನೇರಳೆ, ನೀಲಿ, ಕೊನೆಗೆ ಕಪ್ಪು. ರಸ್ತೆಯ ಮಳೆನೀರಿನ ಮೇಲೆ ಎಣ್ಣೆ ಬಿದ್ದಾಗ ಬಣ್ಣ ಕಾಣುವುದೂ ಇದೇ ಕಾರಣಕ್ಕೆ. ಅಂಚಿನಿಂದ ಒಳಕ್ಕೆ ಹಳದಿ-ನೀಲಿ ಬಂದಿದೆ ಅಂದರೆ ನಿಧಾನವಾಗಿ, ವರ್ಷಗಟ್ಟಲೆ, ಯಾರೂ ಮುಟ್ಟದೆ ಇದ್ದ ನಾಣ್ಯ ಇರಬಹುದು. ಅದರಲ್ಲೂ 1972ರದ್ದು ಅರ್ಧ ಬೆಳ್ಳಿ ಮಾತ್ರ, ಬೇಗ ಬಣ್ಣ ತಿರುಗುವುದು ಸಹಜ. ಕಪ್ಪು ತೆಳುವಾಗಿದ್ದರೆ ಅದರ ಕೆಳಗೆ ಕನ್ನಡಿ ಕಾಣುತ್ತದೆ. ಟಾರ್ಚ್ ಹಿಡಿದು ನೋಡಿ, ದೀಪದ ಪ್ರತಿಬಿಂಬ ಚೂಪಾಗಿ ಕಂಡರೆ ಮೈ ಗಟ್ಟಿ ಇದೆ. ಪ್ರತಿಬಿಂಬ ಚದುರಿದರೆ ಪದರ ಲೋಹವನ್ನು ತಿಂದಿದೆ.

ಹಸಿರು ಅಂಟು ಕಂಡರೆ ಅದು ಬೇರೆ ರೋಗ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಪೌಚುಗಳಲ್ಲಿ ಇಟ್ಟರೆ ಬರುತ್ತದೆ. ಅದನ್ನು ಮಾತ್ರ ತೆಗೆಯಬಹುದು. ಶುದ್ಧ ಅಸಿಟೋನಿನಲ್ಲಿ ಮುಳುಗಿಸಿ ಎತ್ತಬೇಕು. ಉಜ್ಜಬಾರದು. ಗಾಜಿನ ಬಟ್ಟಲು ಇರಲಿ, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಉಗುರುಬಣ್ಣ ತೆಗೆಯುವ ದ್ರವ ತಂದು ಹಾಕಬೇಡಿ, ಅದರಲ್ಲಿ ಬಣ್ಣ, ಸುವಾಸನೆ, ಎಣ್ಣೆ ಎಲ್ಲ ಇರುತ್ತವೆ. ಅಸಿಟೋನ್ ಅಂಟು ಕರಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ, ಕಪ್ಪನ್ನೂ ತೆಗೆಯುವುದಿಲ್ಲ.

ಕಪ್ಪು ತೆಗೆಯುವ ಡಿಪ್ ದ್ರವಗಳು ಬೇರೆ. ಅವುಗಳಲ್ಲಿ ಆಮ್ಲ ಇರುತ್ತದೆ. ಸಲ್ಫೈಡ್ ಜೊತೆಗೆ ಮೇಲ್ಮೈಯೂ ಹೋಗುತ್ತದೆ. ಒಂದು ಸಲ ಚಂದ, ನಾಲ್ಕನೇ ಸಲಕ್ಕೆ ನಾಣ್ಯ ಸತ್ತ ಮೀನಿನ ಕಣ್ಣು.

ಹಾವೇರಿ_ರೊಕ್ಕ · ಶುಕ್ರವಾರ

ಗಂಧಕ ಅಂದಿರಿ ಅಕ್ಕಾ. ನಮ್ಮ ಮಾವ ಒಂದೊಂದು ನಾಣ್ಯಕ್ಕೂ ರಬ್ಬರ್ ಬ್ಯಾಂಡ್ ಹಾಕಿ, ಡಬ್ಬಿಯಲ್ಲಿ ತುಂಬಿ, ಉಳ್ಳಾಗಡ್ಡಿ ಚೀಲದ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಎಲ್ಲ ನಾಣ್ಯದ ನಟ್ಟನಡುವೆ ಕರಿ ಪಟ್ಟಿ, ವಿಭೂತಿ ಹಚ್ಚಿಕೊಂಡ ಹಾಗೆ. ಯಾವುದರ ತಪ್ಪು?

ಸಪ್ತಾಪುರ_ಸುಮಾ · ಶುಕ್ರವಾರ

ಪಟ್ಟಿ ರಬ್ಬರ್ ಬ್ಯಾಂಡಿನದು. ಉಳ್ಳಾಗಡ್ಡಿಯದೂ ಗಂಧಕದ ವಾಸನೆಯೇ, ಆದರೆ ಅದು ಪಟ್ಟಿ ಬಿಡಿಸಿ ಹಚ್ಚುವುದಿಲ್ಲ. ಮಾವನವರಿಗೆ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲು ಕೊಡಿಸಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ನಮ್ಮ ಧಾರವಾಡದ ಜುಲೈ ಮಳೆಗೆ ಅದಿಲ್ಲದೆ ನಡೆಯುವುದಿಲ್ಲ.

ಸರಾಫಗಟ್ಟಿ_ಕಾಕಾ · ಶುಕ್ರವಾರ ರಾತ್ರಿ

ವಿಭೂತಿ ಅಂದದ್ದು ಒಳ್ಳೆಯದೇ ಆಯಿತು. ನಮ್ಮ ಕಡೆ ಹಳೆ ಬೆಳ್ಳಿ ನಾಣ್ಯಗಳ ದೊಡ್ಡ ಶತ್ರು ಕಳ್ಳರಲ್ಲ, ದೀಪಾವಳಿ. ಲಕ್ಷ್ಮೀ ಪೂಜೆಗೆ ನಾಣ್ಯ ಹೊರಗೆ ಬರುತ್ತದೆ. ಹುಣಸೆಹಣ್ಣು, ಇಲ್ಲವೇ ವಿಭೂತಿ ಹಾಕಿ ತಿಕ್ಕುತ್ತಾರೆ. ಕುಂಕುಮ ಹಚ್ಚುತ್ತಾರೆ. ಮರುದಿನ ಒರೆಸಿ ಒಳಗೆ. ಐವತ್ತು ವರ್ಷಕ್ಕೆ ಐವತ್ತು ಸಲ. ದೇವರಿಗೆ ಸಂತೋಷ ಇರಬಹುದು, ಫೀಲ್ಡ್ ಮಾತ್ರ ಉಳಿಯುವುದಿಲ್ಲ.

ಹೊಸಬ, ನಿಮ್ಮ 1862ರ ರೂಪಾಯಿ ನನಗೆ ಅದೇ ಜಾತಿಯದು ಅನ್ನಿಸುತ್ತದೆ. 1862 ಅನ್ನುವ ಒಂದೇ ಇಸವಿ ಇಟ್ಟುಕೊಂಡು ಹಲವು ವರ್ಷ ಆ ರೂಪಾಯಿ ಹೊಡೆದರು. ಮಾಮೂಲಿ ನಾಣ್ಯ ಬೇಕಾದಷ್ಟು ಸಿಗುತ್ತದೆ. ಪ್ರೂಫ್ ಅಪರೂಪ. ಅಂಚು ನೋಡಿ. ಪ್ರೂಫಿನ ಅಂಚು ಹೊಸ ಪೆಟ್ಟಿಗೆಯ ಮೂಲೆಯ ಹಾಗೆ ಚೌಕ, ಚೂಪು. ಸಾಬೂನಿನ ಹಾಗೆ ದುಂಡಗಿದ್ದರೆ ಮಾಮೂಲಿ. ರಾಣಿಯ ಕೂದಲು ಸವೆದಿದ್ದೂ ಫೀಲ್ಡ್ ಹೊಳೆಯುತ್ತಿದ್ದರೆ ಆ ಹೊಳಪು ಟಂಕಸಾಲೆಯದಲ್ಲ, ಅಡುಗೆಮನೆಯದು.

ಇನ್ನೊಂದು ಸಿಕ್ಕು ಇದೆ. ಬ್ರಿಟಿಷ್ ಕಾಲದ ಎಷ್ಟೋ ನಾಣ್ಯಗಳನ್ನು ಮುಂಬಯಿ, ಕೋಲ್ಕತಾ ಟಂಕಸಾಲೆಗಳೇ ಸಂಗ್ರಹಕಾರರಿಗಾಗಿ ಹಳೆ ಅಚ್ಚಿನಿಂದ ಮತ್ತೆ ಹೊಡೆದು ಮಾರಿವೆ. ಇದು 1970ರ ತನಕ ನಡೆಯಿತು. ಅವು ನಕಲಿ ಅಲ್ಲ, ಪ್ರೂಫ್ ರೀತಿಯವೇ, ಆದರೆ ಮೂಲ ಪ್ರೂಫಿನ ಬೆಲೆ ಅವಕ್ಕಿಲ್ಲ. ಗೋದಾಮಿನಲ್ಲಿದ್ದ ಅಚ್ಚಿಗೆ ತುಕ್ಕು ಹಿಡಿದಿರುತ್ತದೆ. ಆ ತುಕ್ಕಿನ ಕುಳಿ ನಾಣ್ಯದ ಮೇಲೆ ರವೆ ಕಾಳಿನಂಥ ಉಬ್ಬಾಗಿ ಬರುತ್ತದೆ. ತುಕ್ಕು ತೆಗೆಯಲು ಉಜ್ಜಿದ ಅಚ್ಚಿನ ಗೆರೆಯೂ ಜಾಸ್ತಿ. ಅಂದರೆ ಇಂಥ ನಾಣ್ಯದಲ್ಲಿ ಗೆರೆ ಕಂಡರೆ ಒರೆಸಿದ್ದು ಅಂತ ದುಡುಕಬಾರದು. ಅಕ್ಷರದ ಬುಡಕ್ಕೆ ಹೋಗಿ ನೋಡಿಯೇ ಹೇಳಬೇಕು.

1969ರದ್ದಕ್ಕೆ ಸುಲಭದ ಗುರುತು ಇದೆ. ಮುಂಬಯಿಯ ಮಾಮೂಲಿ ನಾಣ್ಯಕ್ಕೆ ವಜ್ರಾಕಾರದ ಪುಟ್ಟ ಗುರುತು, ಕೋಲ್ಕತಾದ್ದಕ್ಕೆ ಏನೂ ಇರುವುದಿಲ್ಲ. ಪ್ರೂಫ್‌ಗೆ ಇಂಗ್ಲಿಷಿನ ಬಿ ಅಕ್ಷರ. ಊರ ಹೆಸರು ಬಾಂಬೆ ಹೋಗಿ ಮುಂಬಯಿ ಆದ ಮೇಲೆ, 1996ರಿಂದ, ಎಮ್. 1972ರದ್ದಕ್ಕೂ ಬಿ ಹುಡುಕಿ.

ನವನಗರ_ನೈಟ್‌ಶಿಫ್ಟ್ · ಶುಕ್ರವಾರ ತಡರಾತ್ರಿ

ಇಷ್ಟೆಲ್ಲ ತಲೆನೋವು ಯಾಕೆ? ನಾಣ್ಯ ಪರೀಕ್ಷಿಸಿ ಅಂಕ ಕೊಟ್ಟು ಡಬ್ಬಿಯಲ್ಲಿ ಮುಚ್ಚಿ ಕೊಡುವ ಕಂಪನಿಗಳಿವೆಯಲ್ಲ, ಪಿಸಿಜಿಎಸ್ ಇಲ್ಲವೇ ಎನ್‌ಜಿಸಿ, ಅವರ ಡಬ್ಬಿಯಲ್ಲಿ ಇರುವುದನ್ನೇ ತಗೊಂಡರೆ ಆಗಲ್ವಾ? 64 ಅಂದರೆ 64.

ಸರಾಫಗಟ್ಟಿ_ಕಾಕಾ · ಶನಿವಾರ

ಆಗುತ್ತದೆ, ಅಸಲಿಯೋ ನಕಲಿಯೋ ಅನ್ನುವ ಭಯ ತಪ್ಪುತ್ತದೆ. ದುಬಾರಿ ನಾಣ್ಯಕ್ಕೆ ನಾನೂ ಅದನ್ನೇ ಹೇಳುವುದು. ಆದರೆ 64 ಅಂದರೆ 64 ಅಲ್ಲ. ಪ್ರೂಫ್‌ಗೆ 60ರಿಂದ 70ರವರೆಗೆ ಅಂಕ. 60ರ ಕೆಳಗೆ ಇದ್ದರೆ ಪೆಟ್ಟು ತಿಂದ ಪ್ರೂಫ್. ಒಂದೇ ಅಂಕದ ಎರಡು ನಾಣ್ಯ ಇಟ್ಟುಕೊಳ್ಳಿ. ಒಂದರಲ್ಲಿ ಗೆರೆ ತಲೆಯ ಹಿಂದೆ, ಅಕ್ಷರಗಳ ನಡುವೆ. ಇನ್ನೊಂದರಲ್ಲಿ ಮುಖದ ಎದುರಿನ ಖಾಲಿ ಜಾಗದಲ್ಲೇ. ಕಣ್ಣು ಮೊದಲು ಹೋಗುವುದು ಮುಖದ ಎದುರಿಗೆ. ನಾನು ಮೊದಲನೆಯದನ್ನು ತಗೋತೀನಿ, ನೀವು ಅಂಕ ನೋಡಿ ಎರಡನೆಯದನ್ನು ತಗೋತೀರಿ. ಡಬ್ಬಿ ಮೇಲೆ ಅಂಕ ಇಲ್ಲದೆ 'ಡೀಟೇಲ್ಸ್' ಅಂತ ಇದ್ದರೆ ತೊಳೆದದ್ದೋ ತಿಕ್ಕಿದ್ದೋ ಏನೋ ಆಗಿದೆ.

ಹಾವೇರಿ_ರೊಕ್ಕ · ಶನಿವಾರ

ಕಾಕಾ, ನೀವು ಹೀಗೆ ಹೆದರಿಸಿದರೆ ನಮ್ಮಂಥವರು ಜನ್ಮದಲ್ಲಿ ಪ್ರೂಫ್ ತಗೋಳಲ್ಲ. ನನಗೆ ಎರಡು ಗೆರೆ ಇದ್ದು ಅರ್ಧ ಬೆಲೆಗೆ ಬಂದರೆ ಅದೇ ಚಲೋ.

ಸರಾಫಗಟ್ಟಿ_ಕಾಕಾ · ಶನಿವಾರ

ಅದರಲ್ಲಿ ತಪ್ಪೇನಿಲ್ಲ ರೊಕ್ಕಪ್ಪ. ಗೆರೆ ಇರುವುದನ್ನು ಗೆರೆ ಇಲ್ಲದ ಬೆಲೆಗೆ ಕೊಳ್ಳಬಾರದು ಅಂತಷ್ಟೇ ನಾನು ಹೇಳುವುದು. 1950ರ ಸೆಟ್ ಬಂತು ಅನ್ನಿ. ರೂಪಾಯಿಯಿಂದ ಹಿಡಿದು ಕುದುರೆ ಇರುವ ಒಂದು ಪೈಸೆವರೆಗೆ ಏಳು ನಾಣ್ಯ. ದಿನಾ ಸಿಗುವ ವಸ್ತುವಲ್ಲ. ಅದಕ್ಕೆ ನಾಲ್ಕು ಗೆರೆ ನಾನೂ ಸಹಿಸುತ್ತೇನೆ. ರೂಪಾಯಿ ನಿಕಲ್, ಗಟ್ಟಿ ಲೋಹ, ಬೆಳ್ಳಿಯಷ್ಟು ಸುಲಭವಾಗಿ ಗೀರುವುದಿಲ್ಲ. ಪೈಸೆ ಕಂಚಿನದು, ಅದರಲ್ಲಿ ಗೆರೆಗಿಂತ ಕರಿ ಚುಕ್ಕೆ ನೋಡಬೇಕು. ಆ ಚುಕ್ಕೆ ತೆಗೆಯಲು ಹೋದರೆ ಕುಳಿ ಉಳಿಯುತ್ತದೆ. ಅಂದಹಾಗೆ, ನಾಣ್ಯದ ಮೇಲೆ ಬಾಗಿ ಮಾತಾಡಬೇಡಿ. ಎಂಜಲಿನ ಹನಿಯಿಂದಲೂ ಇಂಥ ಚುಕ್ಕೆ ಬರುತ್ತದೆ. ಮಿರ್ಚಿ ತಿನ್ನುತ್ತಾ ನಾಣ್ಯ ನೋಡುವ ಗೆಳೆಯರು ನನಗಿದ್ದಾರೆ, ಅವರಿಗೂ ಈ ಮಾತು.

ಆದರೆ 1969, 1970, 1972 ಇವೆಲ್ಲ ಮತ್ತೆ ಮತ್ತೆ ಬರುತ್ತವೆ. ಅವಕ್ಕೆ ಕಾಯಬಹುದು.

ಗದಗದ_ಹೊಸಬ · ಭಾನುವಾರ ರಾತ್ರಿ

ಹೋಗಿ ಬಂದೆ. ಹುಬ್ಬಳ್ಳಿಯಲ್ಲಿ ರೈಲು ಇಳಿದು, ಟೇಬಲ್ ಲ್ಯಾಂಪ್ ಕಂಕುಳಲ್ಲಿ ಇಟ್ಟುಕೊಂಡು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ. ಪಕ್ಕದವರು ರಿಪೇರಿಗಾ ಅಂತ ಕೇಳಿದರು. ಹೌದು ಅಂದೆ.

ಅಜ್ಜಿ ಮೊದಲು ಚಹಾ, ಅವಲಕ್ಕಿ ಕೊಟ್ಟರು. ಕೈ ತೊಳೆದು ಬಂದು ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಕಿಟಕಿ ಮುಚ್ಚಿ ಲ್ಯಾಂಪ್ ಹಚ್ಚಿದೆ.

ರಾಣಿ ರೂಪಾಯಿ ಅರ್ಧ ನಿಮಿಷದಲ್ಲಿ ಮುಗಿಯಿತು. ಅಂಚು ದುಂಡಗೆ, ಕೂದಲು ಬೋಳು. ಪ್ರೂಫ್ ಅಲ್ಲವೇ ಅಲ್ಲ.

ಗಾಂಧಿಗೆ ಬಿ ಅಕ್ಷರ ಇತ್ತು. ಎದೆ ಡವಡವ ಅಂದಿತು. ಟ್ಯೂಬ್‌ಲೈಟ್ ಕೆಳಗೆ ನಿಜಕ್ಕೂ ಕನ್ನಡಿ. ಲ್ಯಾಂಪ್ ಕೆಳಗೆ ಓರೆ ಮಾಡಿ ತಿರುಗಿಸಿದೆ. ಕಾಲು ಸುತ್ತು ಏನಿಲ್ಲ. ಇನ್ನು ತುಸು ತಿರುಗಿಸಿದ್ದೇ ತಡ, ಜೇಡರ ಬಲೆ! ಮುಖದ ಎದುರಿನಿಂದ ಶುರುವಾಗಿ ಕೆನ್ನೆ ಹತ್ತಿ ಆಚೆ ಇಳಿದಿದೆ. ಕೆನ್ನೆಯ ಬುಡದಲ್ಲಿ ಕಾಕಾ ಹೇಳಿದ ಆ ಶುದ್ಧ ಪಟ್ಟಿ, ಉಗುರಿನ ತುದಿಯಷ್ಟು ಅಗಲ. ಅಲ್ಲಿ ಮಾತ್ರ 1969ರ ಮೈ ಹಾಗೇ ಉಳಿದಿದೆ. ಇಡೀ ನಾಣ್ಯ ಒಂದು ಕಾಲಕ್ಕೆ ಹೀಗಿತ್ತಲ್ಲ ಅಂತ ಬೇಜಾರಾಯಿತು. ಒಂದು ಅಕ್ಷರದ ಸಂದಿನಲ್ಲಿ ಕುಂಕುಮ.

ಆಮೇಲೆ ಕರಿದು. ಅದಕ್ಕೂ ಬಿ ಇದೆ. ಸುಮಾ ಅಕ್ಕ ಹೇಳಿದ ಹಾಗೆ ದೀಪದ ಪ್ರತಿಬಿಂಬ ನೋಡಿದೆ. ಕಂದು ಗಾಜಿನ ಕೆಳಗೆ ಬಲ್ಬಿನ ತಂತಿ ಎಣಿಸುವಷ್ಟು ಚೂಪು. ಪೂರ್ತಿ ಎರಡು ಸುತ್ತು ತಿರುಗಿಸಿದೆ. ಒಂದು ಕಡೆ ಅಕ್ಷರದ ಬುಡಕ್ಕೆ ಬಂದು ನಿಲ್ಲುವ ನಾಲ್ಕೈದು ಗೆರೆ, ಅಕ್ಷರದ ನೆತ್ತಿ ಶುಭ್ರ. ಅಚ್ಚಿನವೇ ಇರಬೇಕು. ಇನ್ನೊಂದು ಬದಿಯಲ್ಲಿ ಅಂಚಿನ ಹತ್ತಿರ ಅರ್ಧ ಬೆರಳಚ್ಚು ಇದೆ, ಹಳೆಯದು, ಲೋಹದಲ್ಲಿ ಇಳಿದುಬಿಟ್ಟಿದೆ.

ಇದೊಂದನ್ನು ಯಾಕೆ ತಿಕ್ಕಿಲ್ಲ ಅಜ್ಜಿ ಅಂತ ಕೇಳಿದೆ. 'ಕಪಾಟಿನ ಹಿಂದೆ ಬಿದ್ದಿತ್ತೋ ತಮ್ಮಾ, ಹೋದ ವರ್ಷ ಬಣ್ಣ ಹಚ್ಚುವಾಗ ಸಿಕ್ಕಿತು' ಅಂದರು.

ಬೆರಳಚ್ಚಿನ ಲೆಕ್ಕ ಹಿಡಿದು ಬೆಲೆ ಮಾತಾಡಿದೆ. ಗಾಂಧಿಗೆ ಬೆಳ್ಳಿಯ ಬೆಲೆಗಿಂತ ತುಸು ಜಾಸ್ತಿ ಹೇಳಿದೆ, ಮಗ ಒಪ್ಪಲಿಲ್ಲ, ಬಿಟ್ಟೆ. ಕರಿದನ್ನು ತಗೊಂಡೆ. ರೊಕ್ಕ ಎಣಿಸಿ ಕೊಟ್ಟು ತಲೆ ಎತ್ತಿದರೆ ಅಜ್ಜಿಯೂ ಇಲ್ಲ, ನಾಣ್ಯವೂ ಇಲ್ಲ. ಒಳಗೆ ಹೋಗಿ ನೋಡುತ್ತೇನೆ, ದೇವರ ಮನೆಯ ಮುಂದೆ ಕೂತಿದ್ದಾರೆ. ಒಂದು ಕೈಯಲ್ಲಿ ನಾಣ್ಯ, ಇನ್ನೊಂದರಲ್ಲಿ ವಿಭೂತಿ ಗಟ್ಟಿ. 'ಕರ್ರಗ ಐತಿ, ಹಂಗ ಹೆಂಗ ಕೊಡಲಿ, ಸ್ವಲ್ಪ ತಡಿ' ಅಂದರು.

ಸರಾಫಗಟ್ಟಿ_ಕಾಕಾ · ಭಾನುವಾರ ರಾತ್ರಿ

ತಡೆದಿರೋ ಇಲ್ಲವೋ, ಅದನ್ನು ಮೊದಲು ಹೇಳಿ!

ಗದಗದ_ಹೊಸಬ · ಭಾನುವಾರ ರಾತ್ರಿ

ತಡೆದೆ ಕಾಕಾ. ವಿಭೂತಿ ನನ್ನ ಹಣೆಗೆ ಹಚ್ಚಿ ಕಳಿಸಿದರು.